ಚಪ್ಪಲಿ ಪರವಾಗಿಲ್ಲ

ನನ್ನ ಮೇಜಿನ ಖಾನೆಯಲ್ಲಿ ಒಂದು ನೇಲ್ ಪಾಲಿಶ್ ಸೀಸೆ ಇದೆ. ಕೆಂಪು ಬಣ್ಣದ್ದು. ಒಣಗಿ, ತಳದಲ್ಲಿ ಬೆಲ್ಲದ ಪಾಕದ ಹಾಗೆ ಗಟ್ಟಿಯಾಗಿ ಕೂತಿದೆ. ಮೊನ್ನೆ ಸ್ಟೇಪ್ಲರ್ ಪಿನ್ನು ಹುಡುಕುವಾಗ ಕೈಗೆ ಸಿಕ್ಕಿತು. ನನ್ನ ಉಗುರು ನೋಡಿದವರಿಗೆ ಗೊತ್ತು, ಅವು ಮೆಹೆಂದಿಯನ್ನೂ ಕಂಡವಲ್ಲ, ಪಾಲಿಶನ್ನೂ ಕಂಡವಲ್ಲ. ಆದರೂ ಆ ಸೀಸೆಯನ್ನು ದೊಡ್ಡಬಳ್ಳಾಪುರದ ಫ್ಯಾನ್ಸಿ ಸ್ಟೋರಿಗೆ ಹೋಗಿ, ಮೂರು ಕೆಂಪು ನೋಡಿ, ಎಲ್ಲಕ್ಕಿಂತ ಕಣ್ಣಿಗೆ ಹೊಡೆಯುವ ಕೆಂಪನ್ನೇ ಆರಿಸಿ ತಂದವಳು ನಾನೇ. ಅಂಗಡಿಯವನು ಮುಗುಳ್ನಕ್ಕು, "ಮದ್ವೆ ಸೆಟ್ಲಾಯ್ತಾ ಮೇಡಂ?" ಎಂದು ಕೇಳಿದ್ದ. "ಇಲ್ಲಪ್ಪ, ಚಪ್ಪಲಿಗೆ" ಅಂದಿದ್ದೆ. ಅವನು ಮುಂದಕ್ಕೆ ಕೇಳಲಿಲ್ಲ. ಬುದ್ಧಿವಂತ.

ನೇರವಾಗಿ ಮಾತಾಡುವವಳು ಎಂದು ನನಗೆ ಹೆಸರಿದೆ. ಬರೆಯಲು ಕೂತರೆ ಮಾತ್ರ ಸುತ್ತಿ ಬಳಸಿ ಹೋಗುತ್ತೇನೆ. ಸೀಸೆಯ ಕಥೆ ಹೇಳಬೇಕಾದರೆ ಮೊದಲು ನಮ್ಮಪ್ಪನ ಕಥೆ ಹೇಳಬೇಕು. ಸ್ವಲ್ಪ ತಡೆದುಕೊಳ್ಳಿ.

ನಮ್ಮಪ್ಪ ಮಗ್ಗದ ಕೆಲಸಗಾರ. ಸ್ವಂತ ಮಗ್ಗವಲ್ಲ, ಬೇರೆಯವರ ಪವರ್‌ಲೂಮು. ನಾವಿದ್ದ ಬೀದಿಯಲ್ಲಿ ಬೆಳಗಿನಿಂದ ಸಂಜೆವರೆಗೆ ಮಗ್ಗಗಳ ಸದ್ದು ಎಷ್ಟು ಜೋರು ಎಂದರೆ ನಮ್ಮ ಬೀದಿಯ ಮಕ್ಕಳಿಗೆ ಪಿಸುಮಾತು ಎಂಬುದೊಂದು ಇದೆಯೆಂದು ಗೊತ್ತಾಗುವುದೇ ಶಾಲೆಗೆ ಸೇರಿದ ಮೇಲೆ. ಕರೆಂಟು ಹೋದಾಗ ಮಗ್ಗ ನಿಂತರೂ ಜನ ಕೂಗಿಕೊಂಡೇ ಮಾತಾಡುತ್ತಿದ್ದರು. "ಸಾರಿಗೆ ಉಪ್ಪು ಹಾಕಿದೀಯೇನೇ" ಎಂದು ಒಬ್ಬ ಹೆಂಡತಿಯನ್ನು ಕೇಳಿದರೆ ನಾಲ್ಕು ಮನೆಯಿಂದ ಉತ್ತರ ಬರುತ್ತಿತ್ತು. ಇಂಥ ಸದ್ದಿನಲ್ಲಿ ಬದುಕಿದವನಾದ್ದರಿಂದಲೋ ಏನೋ ಅಪ್ಪ ಮಾತನ್ನು ಬಹಳ ಕಡಿಮೆ ಖರ್ಚು ಮಾಡುತ್ತಿದ್ದ. ಅವನ ಹತ್ತಿರ ಇದ್ದದ್ದು ಒಂದೇ ಒಂದು ಹೊಗಳಿಕೆ: "ಪರವಾಗಿಲ್ಲ."

ಅಮ್ಮನ ಅಡುಗೆ ಚೆನ್ನಾಗಿದ್ದರೆ ಪರವಾಗಿಲ್ಲ. ಹೊಸ ಸೀರೆಯ ಅಂಚು ಸರಿಯಾಗಿ ಬಿದ್ದರೆ ಪರವಾಗಿಲ್ಲ. ನಾನು ಏಳನೇ ಕ್ಲಾಸಿನಲ್ಲಿ ಶಾಲೆಗೇ ಮೊದಲು ಬಂದಾಗ ಮಾರ್ಕ್ಸ್ ಕಾರ್ಡನ್ನು ತಲೆಕೆಳಗಾಗಿ ಹಿಡಿದುಕೊಂಡು ಎರಡು ನಿಮಿಷ ನೋಡಿ, "ಪರವಾಗಿಲ್ಲ ಕಣವ್ವ" ಅಂದ. ಓದು ಬಾರದವನು ಆ ಎರಡು ನಿಮಿಷ ಏನು ನೋಡುತ್ತಿದ್ದ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ನಮ್ಮ ವಂಶದಲ್ಲಿ ಮೊದಲ ಪದವಿ ನನ್ನದು. ಇದನ್ನು ಹೇಳದೆ ನಾನು ಯಾವ ಮಾತನ್ನೂ ಮುಗಿಸುವುದಿಲ್ಲ ಎಂದು ನನ್ನ ತಮ್ಮ ಆಡಿಕೊಳ್ಳುತ್ತಾನೆ. ಆಡಿಕೊಳ್ಳಲಿ. ಬೆಳಿಗ್ಗೆ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತಿ, ಆಮೇಲೆ ಕಾಲೇಜಿಗೆ ಓಡಿ, ಉಂಗುಷ್ಟ ಕಿತ್ತ ಹವಾಯಿ ಚಪ್ಪಲಿಗೆ ಪಿನ್ನು ಚುಚ್ಚಿಕೊಂಡು ಮೂರು ವರ್ಷ ನಡೆದವಳು ನಾನು, ಅವನಲ್ಲ. ಫೈನಲ್ ಇಯರ್ ಸೆಮಿನಾರಿನ ದಿನ ಆ ಪಿನ್ನು ಬಿಚ್ಚಿಕೊಂಡು, ವೇದಿಕೆಯ ಮೇಲೆ ಒಂದು ಚಪ್ಪಲಿ ಹಿಂದೆ ಉಳಿದು, ನಾನು ಒಂದು ಕಾಲಲ್ಲಿ ಚಪ್ಪಲಿ, ಒಂದು ಕಾಲು ಬರಿದು ಮಾಡಿಕೊಂಡು ಗ್ರಾಮ ಸ್ವರಾಜ್ಯದ ಬಗ್ಗೆ ಹತ್ತು ನಿಮಿಷ ಮಾತಾಡಿದೆ. ಪದವಿ ಬಂದ ದಿನ ಅಪ್ಪನ ಕೈಗೆ ಸರ್ಟಿಫಿಕೇಟು ಕೊಟ್ಟೆ. ಅವನು ಕೈಯನ್ನು ಲುಂಗಿಗೆ ಎರಡು ಸಲ ಒರೆಸಿಕೊಂಡು ತೆಗೆದುಕೊಂಡ. "ಪರವಾಗಿಲ್ಲ" ಅಂದ. ಅಷ್ಟೆ. ನನಗೆ ಅಂದು ಯಾರೋ ಶಾಲು ಹೊದಿಸಿದ ಹಾಗಾಯಿತು.

ಅಪ್ಪ ಹೋಗಿ ಎರಡು ವರ್ಷವಾಯಿತು. ಅಮ್ಮ ಅದಕ್ಕೂ ಮೊದಲೇ ಹೋದಳು. ತಮ್ಮ ದಾಬಸ್‌ಪೇಟೆಯ ಗೋಡೌನಿನಲ್ಲಿ ಕೆಲಸ ಮಾಡುತ್ತಾನೆ, ಸಂಸಾರ ಅಲ್ಲೇ. ನಾನು ಅದೇ ಬೀದಿಯಲ್ಲಿ ಒಂದು ರೂಮು ಮಾಡಿಕೊಂಡಿದ್ದೇನೆ. ಅಪ್ಪನ ಮಾತು ಮಾತ್ರ ಆಸ್ತಿಯ ಹಾಗೆ ನನಗೆ ಬಂದಿದೆ. ಜ್ವರ ಹೇಗಿದೆ ಅಂದರೆ ಪರವಾಗಿಲ್ಲ. ನೋಡಲು ಬಂದ ಗಂಡಿನ ಕಡೆಯವರು ನನ್ನ ಕೆಲಸ ಏನೆಂದು ತಿಳಿದು ಕಾಫಿಯನ್ನು ಅರ್ಧಕ್ಕೇ ಬಿಟ್ಟು ಎದ್ದಾಗಲೂ ಪರವಾಗಿಲ್ಲ.

ಕೆಲಸ ಇದು: ಬುದ್ಧಿಯ ಬೆಳವಣಿಗೆ ನಿಧಾನವಾಗಿರುವ ದೊಡ್ಡವರು ಹಗಲು ಹೊತ್ತು ಬಂದು ಕಲಿಯುವ ಒಂದು ಸಣ್ಣ ಕೇಂದ್ರದಲ್ಲಿ ನಾನು ಟೀಚರು. ಪದವಿಯ ಮೇಲೆ ಅದಕ್ಕೆಂದೇ ಒಂದು ಡಿಪ್ಲೊಮಾ ಮಾಡಿದ್ದೇನೆ. ಬರುವವರು ಹದಿನಾಲ್ಕು ಜನ. ಹದಿನೆಂಟರವರೂ ಇದ್ದಾರೆ, ನಲವತ್ತು ದಾಟಿದವರೂ ಇದ್ದಾರೆ. ನಮ್ಮ ಸೋದರತ್ತೆ ಇದನ್ನು ಕೇಳಿ, "ಅಷ್ಟು ಓದಿ ಇದಕ್ಕಾ ಹೋಗೋದು? ಕಂಡೋರ ಮೂಗು ಒರೆಸೋಕೆ ಡಿಗ್ರಿ ಬೇಕಿತ್ತೇನೇ?" ಅಂದಳು. ಬೇಕು ಅತ್ತೆ. ಇನ್ನೊಬ್ಬರ ಮೂಗನ್ನು ಒರೆಸುವುದಕ್ಕೆ ಡಿಗ್ರಿ ಬೇಡ, ಅವರೇ ಒರೆಸಿಕೊಳ್ಳುವ ಹಾಗೆ ಕಲಿಸುವುದಕ್ಕೆ ಬೇಕು. ಈ ಉತ್ತರ ಹೊಳೆದದ್ದು ಮೂರು ದಿನ ಕಳೆದ ಮೇಲೆ. ಅಷ್ಟರಲ್ಲಿ ಅತ್ತೆ ಊರಿಗೆ ಹೋಗಿಬಿಟ್ಟಿದ್ದಳು.

ಈ ಕೆಲಸದಲ್ಲಿ ಕಷ್ಟ ಯಾವುದು ಎಂದು ಕೇಳಿದರೆ ಜನ ಅಂದುಕೊಳ್ಳುವ ಉತ್ತರ ನನ್ನಲ್ಲಿಲ್ಲ. ಕೂಗಾಟ, ಹಟ, ಒದ್ದೆ ಬಟ್ಟೆ, ಇವೆಲ್ಲ ಅಭ್ಯಾಸವಾಗುತ್ತವೆ. ಅಭ್ಯಾಸವಾಗದೆ ಉಳಿಯುವುದು ಸಂತೋಷ. ನಾಲ್ಕು ತಿಂಗಳು ಕಲಿಸಿದ ಮೇಲೆ ಒಬ್ಬ ಒಂದು ದಿನ ನಲ್ಲಿ ತಿರುಗಿಸಿ, ನೀರು ಕುಡಿದು, ನಲ್ಲಿಯನ್ನು ಮತ್ತೆ ನಿಲ್ಲಿಸುತ್ತಾನೆ. ನನಗೆ ಎದೆ ತುಂಬಿ ಬರುತ್ತದೆ. ಯಾರಿಗೆ ಹೇಳಲಿ? ತಮ್ಮನಿಗೆ ಫೋನು ಮಾಡಿ ಹೇಳಿದರೆ, "ನಲ್ಲಿ ರಿಪೇರಿ ಆಯ್ತಾ?" ಅನ್ನುತ್ತಾನೆ. ತಪ್ಪು ಅವನದಲ್ಲ. ಇಷ್ಟು ಸಣ್ಣ ಸಂತೋಷವನ್ನು ಫೋನಿನಲ್ಲಿ ಹೇಳಿದರೆ ಅದು ಅಲ್ಲಿಗೆ ತಲುಪುವಷ್ಟರಲ್ಲಿ ಇನ್ನೂ ಸಣ್ಣದಾಗಿರುತ್ತದೆ.

ಮಂಜುಳ ನಮ್ಮಲ್ಲಿಗೆ ಬಂದಾಗ ಅವಳಿಗೆ ಇಪ್ಪತ್ತಾರು. ಘಾಟಿ ಸುಬ್ರಹ್ಮಣ್ಯದಲ್ಲಿ ಅವಳ ತಾಯಿ ಗಂಗಮ್ಮನವರದು ಹಣ್ಣುಕಾಯಿ ಅಂಗಡಿ. ಗಂಡ ತೀರಿಕೊಂಡು ಬಹಳ ವರ್ಷವಾಗಿದೆ, ಮನೆಯಲ್ಲಿ ತಾಯಿ ಮಗಳು ಇಬ್ಬರೇ. ಗಂಗಮ್ಮ ದಿನಾ ಬೆಳಿಗ್ಗೆ ಮಗಳನ್ನು ಬಸ್ಸಿನಲ್ಲಿ ಕರೆತಂದು ಬಿಟ್ಟು ಹೋಗಿ, ಮಧ್ಯಾಹ್ನ ಮತ್ತೆ ಬಂದು ಕರೆದುಕೊಂಡು ಹೋಗುತ್ತಿದ್ದರು. ಅಷ್ಟು ಹೊತ್ತು ಅಂಗಡಿಯನ್ನು ಪಕ್ಕದ ಅಂಗಡಿಯ ಸೀನಣ್ಣ ನೋಡಿಕೊಳ್ಳುತ್ತಿದ್ದ. ಮಂಜುಳಳಿಗೆ ಹತ್ತಿಪ್ಪತ್ತು ಮಾತು ಬರುತ್ತಿತ್ತು. ನಗು ಮಾತ್ರ ಧಾರಾಳ. ಚಪ್ಪಲಿ ಎಡದ್ದನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಹಾಕಿಕೊಂಡು ಬಾತುಕೋಳಿಯ ಹಾಗೆ ನಡೆಯುತ್ತಿದ್ದಳು, ಎಡವಿ ಬೀಳುತ್ತಿದ್ದಳು. ಅದಕ್ಕೇ ನಾನು ಚಪ್ಪಲಿಯಿಂದ ಶುರು ಮಾಡಿದೆ.

ನೇಲ್ ಪಾಲಿಶ್ ಬಂದದ್ದು ಇಲ್ಲಿಗೆ. ಎರಡು ಚಪ್ಪಲಿಯ ಒಳಬದಿಯಲ್ಲೂ ಒಂದೊಂದು ಕೆಂಪು ಚುಕ್ಕಿ ಇಟ್ಟೆ. ಚಪ್ಪಲಿಗಳನ್ನು ಪಕ್ಕ ಪಕ್ಕ ಇಟ್ಟಾಗ ಚುಕ್ಕಿಗೆ ಚುಕ್ಕಿ ತಾಗಿದರೆ ಸರಿ, ದೂರವಾದರೆ ತಪ್ಪು. "ಮಂಜುಳಾ, ಚುಕ್ಕಿ ಚುಕ್ಕಿ ಮಾತಾಡ್ಲಿ" ಎನ್ನುತ್ತಿದ್ದೆ. ಅವಳು ಚುಕ್ಕಿಗಳ ಹತ್ತಿರ ಕಿವಿ ಇಟ್ಟು ಕೇಳುತ್ತಿದ್ದಳು. ಐದು ತಿಂಗಳು ಇದೇ ನಡೆಯಿತು. ಬಣ್ಣ ಸವೆದಾಗೆಲ್ಲ ಮತ್ತೆ ಹಚ್ಚಿದೆ, ಸೀಸೆ ಮುಗಿಯುತ್ತಾ ಬಂತು. ಒಂದು ದಿನ ನಾನು ಇನ್ನೊಬ್ಬರಿಗೆ ಊಟ ಬಡಿಸುತ್ತಿರುವಾಗ ಮಂಜುಳ ತಾನೇ ಬಾಗಿಲ ಹತ್ತಿರ ಹೋಗಿ, ಚಪ್ಪಲಿಯನ್ನು ತಿರುಗಿಸಿ, ಚುಕ್ಕಿಗೆ ಚುಕ್ಕಿ ತಾಗಿಸಿ, ಕಾಲು ತೂರಿಸಿ ನಿಂತಿದ್ದಳು. ನಾನು ಸೌಟು ಹಿಡಿದುಕೊಂಡೇ ಅತ್ತುಬಿಟ್ಟೆ.

ಆ ವರ್ಷದ ಕೊನೆಗೆ ಎಲ್ಲರ ಡೈರಿ ತುಂಬಿಸಿ ಮನೆಗೆ ಕಳಿಸಬೇಕಿತ್ತು. ಅದರಲ್ಲಿ ಕಾಲಮ್ಮುಗಳು ಒಂದು ಬೆರಳಷ್ಟೇ ಅಗಲ. ಊಟ, ಬಟ್ಟೆ, ಚಪ್ಪಲಿ, ಮಾತು, ಒಟ್ಟಾರೆ. ಮಂಜುಳಳ ಪುಟ ತೆರೆದಾಗ ನನಗೆ ಆ ಸೌಟಿನ ದಿನ ನೆನಪಾಯಿತು. ನನಗೆ ಗೊತ್ತಿದ್ದ ಎಲ್ಲಕ್ಕಿಂತ ದೊಡ್ಡ ಹೊಗಳಿಕೆಯನ್ನು ದುಂಡಗೆ, ಅಚ್ಚುಕಟ್ಟಾಗಿ ಬರೆದೆ. ಊಟ: ಪರವಾಗಿಲ್ಲ. ಬಟ್ಟೆ: ಪರವಾಗಿಲ್ಲ. ಚಪ್ಪಲಿ: ಪರವಾಗಿಲ್ಲ. ಮಾತು: ಪರವಾಗಿಲ್ಲ. ಒಟ್ಟಾರೆ: ಪರವಾಗಿಲ್ಲ.

ಶುಕ್ರವಾರ ಡೈರಿ ಹೋಯಿತು. ಸೋಮವಾರ ಮಂಜುಳ ಬರಿಗಾಲಲ್ಲಿ ಬಂದಳು.

ಗಂಗಮ್ಮ ಆ ದಿನ ಬಾಗಿಲವರೆಗೆ ಬರದೆ ರಸ್ತೆಯಿಂದಲೇ ಹೊರಟುಹೋಗಿದ್ದರು. ಉಂಗುಷ್ಟ ಕಿತ್ತಿರಬೇಕು ಎಂದುಕೊಂಡೆ. ಉಂಗುಷ್ಟದ ವಿಷಯದಲ್ಲಿ ನನಗೆ ಅನುಭವ ಜಾಸ್ತಿ. "ಎಲ್ಲಿ ಮಂಜುಳಾ ಚಪ್ಪಲಿ?" ಅಂದರೆ ಅವಳು ತನ್ನ ಹತ್ತೂ ಕಾಲ್ಬೆರಳುಗಳನ್ನು ಅಲ್ಲಾಡಿಸಿ ನಕ್ಕಳು. ಮಾರನೆಯ ದಿನದಿಂದ ಬರಲೇ ಇಲ್ಲ. ಫೋನು ಮಾಡಿದರೆ ಗಂಗಮ್ಮ, "ಹೂಂ, ಕಳಿಸ್ತೀನಿ" ಎಂದು ಇಟ್ಟುಬಿಡುತ್ತಿದ್ದರು. ಎರಡು ವಾರ ಕಾದೆ. ಎರಡು ವಾರ ಬಿಟ್ಟರೆ ಎರಡು ತಿಂಗಳು ಕಲಿತದ್ದು ಹೋಗುತ್ತದೆ, ನಮ್ಮ ಕೆಲಸದಲ್ಲಿ ಲೆಕ್ಕ ಹಾಗಿದೆ. ಒಂದು ಗುರುವಾರ ರಜೆ ಹಾಕಿ ಘಾಟಿಯ ಬಸ್ಸು ಹತ್ತಿದೆ.

ಗಂಗಮ್ಮ ತೆಂಗಿನಕಾಯಿಯ ಜುಟ್ಟು ಬಿಡಿಸುತ್ತಾ ಕೂತಿದ್ದರು. ನನ್ನನ್ನು ಕಂಡು ಕತ್ತಿ ಕೆಳಗಿಟ್ಟರು. ಅಂಗಡಿಯ ಹಿಂಭಾಗಕ್ಕೆ ಒಂದು ಹಳೆಯ ಸೀರೆಯ ಪರದೆ. ಪರದೆಯ ಸಂದಿಯಿಂದ ಮಂಜುಳ "ಮಿಸ್ಸು!" ಎಂದು ಕೂಗಿದಳು. ನಾನು ಚಪ್ಪಲಿಯನ್ನು ಅಂಗಡಿಯ ಮಗ್ಗುಲ ಬಾಗಿಲ ಹೊಸ್ತಿಲಾಚೆ ಬಿಟ್ಟು ಒಳಗೆ ಹೋದೆ. ಒಂದು ಹೊರಳಿ ಬಿತ್ತು, ಎತ್ತಿಡುವ ವ್ಯವಧಾನ ಇರಲಿಲ್ಲ.

"ಯಾಕಮ್ಮ ಕಳಿಸ್ತಿಲ್ಲ? ಹುಷಾರಿಲ್ವಾ?"

"ನೀವೇ ಬರ್ದು ಕಳ್ಸಿದ್ರಲ್ಲ ಟೀಚರಮ್ಮ."

"ಏನಂತ?"

"ಪರವಾಗಿಲ್ಲ ಅಂತ."

ನನಗೆ ಅರ್ಥವಾಗಲಿಲ್ಲ. ಅಷ್ಟರಲ್ಲಿ ಪಕ್ಕದಂಗಡಿಯಿಂದ ಸೀನಣ್ಣ ಕುತ್ತಿಗೆ ಚಾಚಿದ. "ನಾನೇ ಓದಿ ಹೇಳಿದ್ದು ಮೇಡಂ. ಎಸ್ಸೆಸ್ಸೆಲ್ಸಿ ಪಾಸು ನಾನು, ತಪ್ಪು ಓದೋನಲ್ಲ. ಚಪ್ಪಲಿ ಪರವಾಗಿಲ್ಲ ಅಂತ ಬರ್ದಿತ್ತು. ಚಪ್ಪಲಿ ಇಲ್ದಿದ್ರೂ ಪರವಾಗಿಲ್ವಂತೆ ಗಂಗಕ್ಕ ಅಂದೆ. ಸರಿ ಅಂತ ಬಿಚ್ಚಿಸಿಟ್ಟು ಕಳಿಸ್ತು."

"ಅಯ್ಯೋ ಸೀನಣ್ಣ, ಚಪ್ಪಲಿ ಹಾಕ್ಕೊಳ್ಳೋದು ಕಲ್ತವ್ಳೆ ಅಂತ ನಾನ್ ಬರ್ದಿದ್ದು!"

"ಹಂಗಿದ್ರೆ ಕಲ್ತವ್ಳೆ ಅಂತ್ಲೇ ಬರೀಬೇಕಪ್ಪ. ನೀವು ಡಿಗ್ರಿ ಓದಿದೋರು!"

ಈ ಜನ್ಮದಲ್ಲಿ ನನ್ನ ಡಿಗ್ರಿಗೆ ಯಾರೂ ಅಷ್ಟು ಸರಿಯಾದ ಏಟು ಕೊಟ್ಟಿರಲಿಲ್ಲ.

ನನಗೆ ನಗು ಬಂತು. ಗಂಗಮ್ಮ ನಗಲಿಲ್ಲ. "ಚಪ್ಪಲಿ ಮಾತು ಬಿಡಿ. ಆಮ್ಯಾಕೆ ಮಾತೂ ಪರವಾಗಿಲ್ಲ, ಊಟಾನೂ ಪರವಾಗಿಲ್ಲ, ಕೊನೇಗೆ ಎಲ್ಲಾನೂ ಪರವಾಗಿಲ್ಲ ಅಂದ್ಬಿಟ್ರಿ. ಇವ್ಳು ಮೂರು ವರ್ಷದೋಳಿದ್ದಾಗ ಡಾಕ್ಟ್ರು ಹಿಂಗೇ ಅಂದ್ರು. ಪರವಾಗಿಲ್ಲ ಬಿಡಮ್ಮ, ಇನ್ನೊಂದು ಮಗು ಮಾಡ್ಕೋ ಅಂತ. ಇಸ್ಕೂಲಿಗೆ ಸೇರಿಸಿದ್ರೆ ಮೇಷ್ಟ್ರು ಒಂದ್ ತಿಂಗ್ಳು ಇಟ್ಕೊಂಡು, ಪರವಾಗಿಲ್ಲ, ಮನೇಲೇ ಇರ್ಲಿ ಬಿಡಮ್ಮ ಅಂದ್ರು. ಅವ್ರೆಲ್ಲ ಅಂದಿದ್ನೇ ನೀವೂ ಅಂದ್ರಿ. ನೀವು ಎಂಟ್ ತಿಂಗ್ಳು ತಕ್ಕೊಂಡ್ರಿ, ಅಷ್ಟೇ."

ನಮ್ಮ ಮನೆಯಲ್ಲಿ ಬಾಗಿಲು ತೆರೆದ ಮಾತು ಈ ಮನೆಯಲ್ಲಿ ಇಪ್ಪತ್ತಮೂರು ವರ್ಷದಿಂದ ಬಾಗಿಲು ಹಾಕುತ್ತಾ ಬಂದಿತ್ತು. ಅದನ್ನು ನಾನು ಐದು ಸಲ, ಒಂದರ ಕೆಳಗೊಂದು, ದುಂಡಗೆ ಬರೆದು ಕಳಿಸಿದ್ದೆ.

ನಮ್ಮಪ್ಪನ ವಿಷಯ ಹೇಳಿದೆ. ಮಾರ್ಕ್ಸ್ ಕಾರ್ಡು, ಲುಂಗಿಗೆ ಕೈ ಒರೆಸಿಕೊಂಡದ್ದು, ಎಲ್ಲ. ಗಂಗಮ್ಮ ಕೇಳಿಸಿಕೊಂಡರು. ಆಮೇಲೆ ನೇರವಾಗಿ ಕೇಳಿದರು.

"ಅದೆಲ್ಲ ಸರಿ. ಬಾಯ್ಬಿಟ್ಟು ಒಂದು ಮಾತು ಹೇಳಿ. ಸರಿಹೋಗ್ತಾಳಾ? ಹೋಗ್ತಾಳೆ ಅನ್ನಿ ಸಾಕು, ನಾಳೆಯಿಂದ್ಲೇ ಕರ್ಕೊಂಡ್ ಬರ್ತೀನಿ."

ನಿಮಗೆ ಸುಳ್ಳು ಹೇಳುವುದಿಲ್ಲ, ಆ ಕ್ಷಣ "ಹೋಗ್ತಾಳೆ" ಎನ್ನುವುದು ನಾಲಗೆಯ ತುದಿಗೆ ಬಂದಿತ್ತು. ಒಂದು ಮಾತು. ಅಂದರೆ ಮಂಜುಳ ನಾಳೆ ನನ್ನ ಮುಂದೆ ಕೂತಿರುತ್ತಾಳೆ. ಅನ್ನದಿದ್ದರೆ ಈ ಪರದೆಯ ಹಿಂದೆ, ಬಹುಶಃ ಕೊನೆಯವರೆಗೆ. ಆದರೆ ಆ ಮಾತನ್ನು ನಂಬಿಕೊಂಡು ಗಂಗಮ್ಮ ದಿನಾ ಬೆಳಿಗ್ಗೆ ಎದ್ದು ಮಗಳ ಮುಖದಲ್ಲಿ ಬೇರೊಬ್ಬ ಮಗಳನ್ನು ಹುಡುಕುತ್ತಾರೆ. ಆ ಬೇರೊಬ್ಬಳು ಯಾವತ್ತೂ ಬರುವುದಿಲ್ಲ. ಬಾರದ ಪ್ರತಿ ದಿನದ ಸಿಟ್ಟು ಇರುವವಳ ಮೇಲೆ ಬೀಳುತ್ತದೆ. ನಾನು ಅದನ್ನು ಬೇರೆ ಮನೆಗಳಲ್ಲಿ ನೋಡಿದ್ದೇನೆ.

"ಇಲ್ಲಮ್ಮ" ಅಂದೆ. "ನೀವು ಅನ್ಕೊಂಡಂಗೆ ಸರಿಹೋಗಲ್ಲ."

ಸೀನಣ್ಣ ತನ್ನ ಅಂಗಡಿಯೊಳಕ್ಕೆ ತಲೆ ಎಳೆದುಕೊಂಡ.

"ಮತ್ತೆ ಯಾಕ್ ಬಂದ್ರಿ?"

"ಮುಂದಿನ ವರ್ಷದೊಳಗೆ ತಲೆ ತಾನೇ ಬಾಚ್ಕೊಬಹುದು. ಹಸಿವಾದ್ರೆ ಅಳೋ ಬದ್ಲು ಬಾಯಲ್ಲಿ ಕೇಳ್ಬಹುದು. ನಿಮ್ಮ ಜೊತೆ ಅಂಗಡೀಲಿ ಕೂತು ಬಾಳೆಹಣ್ಣು ಎರಡೆರಡೇ ಎತ್ತಿಡಬಹುದು."

"ಬಹುದಾ?"

"ಬಹುದು."

"ಇಷ್ಟಕ್ಕೆ ಒಂದು ವರ್ಷಾನಾ?"

"ಒಂದೂವರೆ ಆದ್ರೂ ಆಗ್ಬಹುದು."

ಗಂಗಮ್ಮ ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ದೂರದಿಂದ ಬಂದಂತಿದ್ದ ಒಂದು ಜೋಡಿ ಹಣ್ಣುಕಾಯಿ ಕೇಳುತ್ತಾ ಬಂದಿತು. ಹೊಸದಾಗಿ ಮದುವೆಯಾದವರೇನಲ್ಲ, ಮುಖ ನೋಡಿದರೆ ಕೆಲವು ವರ್ಷ ಕಾದವರು. ಘಾಟಿಗೆ ಬರುವವರಲ್ಲಿ ಮಕ್ಕಳಾಗಲಿ ಎಂದು ಬರುವವರು ಬಹಳ. ಗಂಗಮ್ಮ ಸರಕ್ಕನೆ ಪರದೆಯನ್ನು ಪೂರ್ತಿ ಎಳೆದರು. ತಗ್ಗಿದ ದನಿಯಲ್ಲಿ ನನಗೆ, "ಇವ್ಳನ್ನ ನೋಡಿದ್ರೆ ಕೆಲವ್ರು ಮುಂದಿನಂಗ್ಡಿಗೆ ಹೋಗ್ಬಿಡ್ತಾರೆ. ಅವರದ್ದೂ ತಪ್ಪಲ್ಲ, ಏನೋ ಆಸೆ ಇಟ್ಕೊಂಡು ಬಂದಿರ್ತಾರೆ" ಅಂದರು. ಆಮೇಲೆ ಗಿರಾಕಿಗಳ ಕಡೆ ತಿರುಗಿ, "ಬನ್ನಿ ಸ್ವಾಮಿ, ಎಷ್ಟು ಸೆಟ್ಟು?" ಎಂದು ಬೇರೆಯೇ ದನಿಯಲ್ಲಿ ಕೇಳಿದರು.

ನಾನು ಹೊರಡಲು ಎದ್ದೆ. ಹೊಸ್ತಿಲಿನ ಹತ್ತಿರ ಬಂದಾಗ ನೋಡುತ್ತೇನೆ, ಮಂಜುಳ ಪರದೆಯ ಆ ತುದಿಯಿಂದ ನುಸುಳಿ ಅಲ್ಲಿ ಕುಕ್ಕರಗಾಲಲ್ಲಿ ಕೂತಿದ್ದಾಳೆ. ಹೊರಳಿ ಬಿದ್ದಿದ್ದ ನನ್ನ ಚಪ್ಪಲಿಯನ್ನು ಎತ್ತಿ ನೇರ ಮಾಡಿದಳು. ಇನ್ನೊಂದರ ಪಕ್ಕಕ್ಕಿಟ್ಟಳು. ತಲೆ ಓರೆ ಮಾಡಿ ನೋಡಿದಳು. ಅದಲು ಬದಲು ಮಾಡಿದಳು. ಎಡದ್ದು ಎಡಕ್ಕೆ, ಬಲದ್ದು ಬಲಕ್ಕೆ.

ನನ್ನ ಚಪ್ಪಲಿಗೆ ಚುಕ್ಕಿ ಇಲ್ಲ.

ಇದರ ಅರ್ಥ ನಿಮಗೆ ಹೇಗೆ ತಿಳಿಸಲಿ? ಚುಕ್ಕಿ ನೋಡಿ ಹೊಂದಿಸುವುದು ಬೇರೆ, ಚುಕ್ಕಿಯೇ ಇಲ್ಲದ ಯಾರದೋ ಚಪ್ಪಲಿಯ ಆಕಾರ ನೋಡಿ ಇದು ಎಡ, ಇದು ಬಲ ಎಂದು ತಿಳಿಯುವುದು ಬೇರೆ. ಇದನ್ನು ನಾನು ಅವಳಿಗೆ ಕಲಿಸಿಯೇ ಇರಲಿಲ್ಲ. ಎರಡು ವಾರ ಪರದೆಯ ಹಿಂದೆ ಕೂತಿದ್ದವಳು ಅದನ್ನು ಎಲ್ಲಿಂದಲೋ ತಾನೇ ತಂದುಕೊಂಡಿದ್ದಳು. ತಿರುಗಿ ನೋಡಿದೆ. ಗಂಗಮ್ಮ ಗಿರಾಕಿಗಳಿಗೆ ಕಾಯಿ ಆರಿಸಿ ಕೊಡುತ್ತಿದ್ದರು, ಬೆನ್ನು ಈ ಕಡೆಗಿತ್ತು. ಕೂಗಿ ಕರೆಯಬಹುದಿತ್ತು. ಕರೆದರೆ ಆ ಜೋಡಿಯೂ ತಿರುಗುತ್ತದೆ. ಸುಮ್ಮನಾದೆ. ಮಂಜುಳಳ ತಲೆ ಸವರಿ, ಅವಳು ಇಟ್ಟಿದ್ದ ಚಪ್ಪಲಿಯಲ್ಲಿ ಕಾಲಿಟ್ಟು ಬಸ್ ನಿಲ್ದಾಣಕ್ಕೆ ನಡೆದೆ.

ವಾಪಸ್ ಬರುವಾಗ ಬಸ್ಸು ಖಾಲಿಯಿತ್ತು. ಪಕ್ಕದ ಸೀಟಿನಲ್ಲಿ ಯಾರಾದರೂ ಇದ್ದಿದ್ದರೆ, ಗುರುತಿಲ್ಲದಿದ್ದರೂ, ಹೇಳಿಬಿಡುತ್ತಿದ್ದೆ. ತಮ್ಮನಿಗೆ ಫೋನು ಮಾಡಿದೆ.

"ಮಂಜುಳ ನನ್ ಚಪ್ಪಲೀನ ಸರಿಯಾಗಿ ಜೋಡಿಸಿಟ್ಲು ಕಣೋ."

"ಯಾರಕ್ಕ ಅದು?" ಅವನ ಹಿಂದೆ ಲಾರಿ ರಿವರ್ಸ್ ಆಗುವ ಸದ್ದು. "ಸರಿ ಬಿಡು. ಊಟ ಆಯ್ತಾ?"

"ಆಯ್ತು" ಅಂದೆ. ಆಗಿರಲಿಲ್ಲ.

ರೂಮಿಗೆ ಬಂದಾಗ ಕರೆಂಟು ಹೋಗಿತ್ತು. ಮಗ್ಗಗಳೆಲ್ಲ ನಿಂತಿದ್ದವು. ಆ ಬೀದಿಯಲ್ಲಿ ಹುಟ್ಟಿದವರಿಗೆ ನಿಶ್ಶಬ್ದ ಒಗ್ಗುವುದಿಲ್ಲ, ಯಾರೋ ಮನೆ ಬಿಟ್ಟು ಹೋದ ಹಾಗೆ ಅನ್ನಿಸುತ್ತದೆ. ಗೋಡೆಗೊರಗಿ ಕೂತು, ಒಂದು ಸುಳ್ಳಿನಿಂದ ಆಗುತ್ತಿದ್ದ ಕೆಲಸವನ್ನು ಕೆಡಿಸಿ ಬಂದೆನಲ್ಲ ಎಂದು ಯೋಚಿಸಿದೆ. ನಿಜ ಹೇಳಿದವಳೆಂಬ ಹೆಮ್ಮೆ ಏನೂ ಬರಲಿಲ್ಲ. ನಿಜ ಹೇಳಿದ್ದಕ್ಕೆ ಬೆಲೆ ತೆರುವವಳು ನಾನಲ್ಲ, ಪರದೆಯ ಹಿಂದಿರುವವಳು. ಆಸೆ ಹುಟ್ಟಿಸಬೇಕಾದ ಕೆಲಸಕ್ಕೆ ಸಂಬಳ ತೆಗೆದುಕೊಳ್ಳುವವಳು ನಾನು. ಹೋಗಿ ಬರೀ "ಬಹುದು" ಅಂದು ಬಂದಿದ್ದೆ. ನನ್ನ ಹತ್ತಿರ ಇದ್ದದ್ದು ಅಷ್ಟೇ.

ಮರುದಿನದಿಂದ ಬೆಳಿಗ್ಗೆ ಕೇಂದ್ರದ ಬಾಗಿಲು ತೆಗೆಯುವ ಮೊದಲು ಬಸ್ ಸ್ಟಾಪಿಗೆ ಹೋಗಿ ನಿಲ್ಲುವುದನ್ನು ರೂಢಿ ಮಾಡಿಕೊಂಡೆ. ಹಾಲಿನಂಗಡಿಯವನು, "ಯಾರನ್ನ ಕಾಯ್ತಿದ್ದೀರಾ ಮಿಸ್?" ಅಂದರೆ, "ಯಾರೂ ಇಲ್ಲ, ಗಾಳಿಗೆ" ಅನ್ನುತ್ತಿದ್ದೆ. ಘಾಟಿಯ ಬಸ್ಸು ಬರುತ್ತಿತ್ತು, ಹೂವಿನ ಮೂಟೆಗಳು ಇಳಿಯುತ್ತಿದ್ದವು, ಕಾಲೇಜಿನ ಹುಡುಗಿಯರು ಇಳಿಯುತ್ತಿದ್ದರು, ಬಸ್ಸು ಹೋಗುತ್ತಿತ್ತು. ಶುಕ್ರವಾರ, ಶನಿವಾರ, ಸೋಮವಾರ. ಮಂಗಳವಾರ ಅವರ ಅಂಗಡಿಗೆ ಜನ ಜಾಸ್ತಿ, ಬರುವುದಿಲ್ಲ ಎಂದು ಗೊತ್ತಿದ್ದೂ ನಿಂತೆ. ಬುಧವಾರವೂ ಇಲ್ಲ.

ಗುರುವಾರ ಬಸ್ಸು ತಡವಾಗಿ ಬಂತು. ಮೂಟೆಗಳು ಇಳಿದವು, ಹುಡುಗಿಯರು ಇಳಿದರು. ನಾನು ಹೊರಡಲು ತಿರುಗಿದ್ದೆ. ಆಮೇಲೆ ಹಿಂದಿನ ಬಾಗಿಲಿನಿಂದ ಗಂಗಮ್ಮ ಇಳಿದರು.

ನನ್ನ ಕಡೆ ನೋಡಲಿಲ್ಲ. ಕೆಳಗೆ ನಿಂತು ಬಾಗಿಲನ್ನೇ ನೋಡುತ್ತಿದ್ದರು. ಮೇಲಿನ ಮೆಟ್ಟಿಲ ಮೇಲೆ ಮಂಜುಳ ಎರಡೂ ಕೈಯಲ್ಲಿ ಕಂಬಿ ಹಿಡಿದು ನಿಂತಿದ್ದಳು. ಒಂದು ಕಾಲನ್ನು ಕೆಳಗೆ ಚಾಚಿದಳು, ಹಿಂದಕ್ಕೆ ತೆಗೆದುಕೊಂಡಳು. ಇನ್ನೊಂದು ಕಾಲು ಚಾಚಿದಳು. ಗಂಗಮ್ಮನ ಕೈ ತಾನಾಗಿಯೇ ಮೇಲೆ ಹೋಯಿತು. ಅರ್ಧದಲ್ಲಿ ನಿಂತಿತು. ಅವರು ಆ ಕೈಯನ್ನು ಕೆಳಗಿಳಿಸಿ ಸೆರಗಿನ ತುದಿಯನ್ನು ಬಿಗಿಯಾಗಿ ಹಿಡಿದುಕೊಂಡರು.

"ಹಿಡ್ಕೊಂಡು ಇಳ್ಸಮ್ಮ, ಟೈಮಾಯ್ತು!" ಕಂಡಕ್ಟರು ಬಾಯಲ್ಲಿ ಸೀಟಿ ಇಟ್ಟುಕೊಂಡೇ ರೇಗಿದ.

"ಇರಪ್ಪ" ಅಂದರು ಗಂಗಮ್ಮ. ಮಗಳ ಕಾಲಿನಿಂದ ಕಣ್ಣು ತೆಗೆಯಲಿಲ್ಲ. "ಇಳೀತಾಳೆ."